ಹೊಳೆಮತ್ತಿ ಸೊರಗುತ್ತಿದೆಯೇ? ಔಷಧಿ ಹೊಡೆಯುವ ಮೊದಲು ಬುಡ ನೋಡಿ

ಫೆಬ್ರವರಿ ಕೊನೆಯ ವಾರ ಬಂದರೆ ಸಾಕು, ನನಗೆ ಒಂದೇ ಬಗೆಯ ಫೋನುಗಳು ಶುರುವಾಗುತ್ತವೆ. "ಸಾರ್, ಮತ್ತಿ ಮರದ ಚಕ್ಕೆ ಎದ್ದು ಬತ್ತಾ ಅದೆ. ಎಲೆನೂ ಉದುರ್ತಾ ಅದೆ. ಏನ್ ಹೊಡೀಲಿ?" ಈ 'ಏನ್ ಹೊಡೀಲಿ' ಅನ್ನೋ ಪ್ರಶ್ನೆಗೆ ಉತ್ತರ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಸುಮಾರು 15 ವರ್ಷದಿಂದ ಮೈಸೂರಿನ ಮನೆಯಂಗಳ, ಬಡಾವಣೆಯ ಪಾರ್ಕು, ಶ್ರೀರಂಗಪಟ್ಟಣದ ಕಡೆಯ ತೋಟದ ಬದು ಅಂತ ಅಲ್ಲಲ್ಲಿ ಹೊಳೆಮತ್ತಿ ನೆಟ್ಟಿದ್ದೇನೆ, ನೆಡಿಸಿದ್ದೇನೆ. ಕೆಲವನ್ನು ಕಳೆದುಕೊಂಡೂ ಇದ್ದೇನೆ. ಔಷಧಿ ಹೊಡೆದು ಬದುಕಿಸಿದ ಮರ ಒಂದೂ ನೆನಪಿಗೆ ಬರುತ್ತಿಲ್ಲ. ಗುದ್ದಲಿ ಹಿಡಿದು ಬದುಕಿಸಿದ್ದು ಬೇಕಾದಷ್ಟಿವೆ.

ಮೊದಲು ಇನ್ನೊಂದು ಪ್ರಶ್ನೆ ಮುಗಿಸಿಬಿಡೋಣ. ಬಿಳಿ ಕಾಂಡದ, ಕಾಗದದ ಹಾಗೆ ಸಿಪ್ಪೆ ಬಿಡುವ ಬರ್ಚ್ ಮರದ ಫೋಟೊ ನೋಡಿ, "ಇದು ಮೈಸೂರಲ್ಲಿ ಬರುತ್ತಾ?" ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಬರಲ್ಲ. ನಮ್ಮ ದೇಶದಲ್ಲಿ ಆ ಜಾತಿಯ ಹೆಸರುವಾಸಿ ಮರ ಭೂರ್ಜ. ಹಿಂದೆ ಅದರ ಸಿಪ್ಪೆಯ ಮೇಲೆ ಗ್ರಂಥ ಬರೆಯುತ್ತಿದ್ದರು. ಅದು ಹಿಮಾಲಯದಲ್ಲಿ ಸುಮಾರು 3,000 ಮೀಟರ್ ಮತ್ತು ಅದಕ್ಕೂ ಮೇಲಿನ, ಹಿಮ ಬೀಳುವ ಜಾಗದ ಮರ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಇಲ್ಲಿ ಚಳಿ ಅಂದರೆ ಒಂದು ಸ್ವೆಟರ್ ಅಷ್ಟೇ. ಆದರೆ ನುಣುಪು ಕಾಂಡ, ತೆಳು ಬಣ್ಣ, ಹಾಳೆ ಹಾಳೆಯಾಗಿ ಬಿಡುವ ತೊಗಟೆ ಬೇಕು ಅಂತಿದ್ದರೆ ಕಾವೇರಿ ದಂಡೆಯಲ್ಲೇ ನಮ್ಮ ಮರ ಇದೆಯಲ್ಲ. ಹೊಳೆಮತ್ತಿ, ನೀರುಮತ್ತಿ, ತೊರೆಮತ್ತಿ, ಬಿಳಿಮತ್ತಿ, ಅರ್ಜುನ, ಯಾವ ಹೆಸರಲ್ಲಿ ಕರೆದರೂ ಅದೇ ಮರ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಬೇಕು. ಇದು ಬೆಳೆದು ನಿಂತರೆ 60ರಿಂದ 80 ಅಡಿ. 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿಗೆ ಇದನ್ನು ನೆಡಬೇಡಿ. ಗೋಡೆಯಿಂದ ಕಡಿಮೆ ಅಂದರೂ 20 ಅಡಿ ದೂರ ಬೇಕು.

ಇದು ದೋಷವೇ ಅಲ್ಲ

ಚಕ್ಕೆ ಏಳುವುದು ಹೊಳೆಮತ್ತಿಯ ಗುಣ. ಹಳೆ ತೊಗಟೆ ಅಗಲವಾದ ತೆಳು ಚಕ್ಕೆಯಾಗಿ ಬಿಡುತ್ತದೆ. ಕೆಳಗೆ ಹೊಸ ತೊಗಟೆ ನುಣ್ಣಗೆ, ಬೂದು ಬಣ್ಣದಲ್ಲಿ, ಎಳೆಯ ಕಡೆ ಸ್ವಲ್ಪ ಹಸಿರು ಬೆರೆತು ಕಾಣುತ್ತದೆ. ಹೀಗೆ ಪರೀಕ್ಷಿಸಿ. ಅರ್ಧ ಎದ್ದ ಚಕ್ಕೆಯ ಅಂಚು ಹಿಡಿದು ಮೆತ್ತಗೆ ಎತ್ತಿ. ಒಣಗಿದ ಹಪ್ಪಳದ ಹಾಗೆ ಟಕ್ ಅಂತ ಬಂದು, ಒಳಗೆ ಒಣ ನುಣುಪು ಮೈ ಕಂಡರೆ ಮರ ಆರೋಗ್ಯವಾಗಿದೆ. ಒಳಗೆ ಒದ್ದೆ, ಕಂದು ರಸ, ಹುಳಿ ವಾಸನೆ ಅಥವಾ ಮರದ ಪುಡಿ ಕಂಡರೆ ಮಾತ್ರ ಮುಂದೆ ಓದಿ.

ಎಲೆ ಉದುರುವುದೂ ಹಾಗೇ. ಬೇಸಿಗೆ ಶುರುವಾಗುವಾಗ ಎಲೆ ಹಳದಿಯಾಗಿ, ಕಂದಾಗಿ ಬೀಳುತ್ತವೆ. ಕೆಲವು ವಾರ ಮರ ಬೋಳಾಗಿಯೇ ಇರಬಹುದು. ಯುಗಾದಿ ಹೊತ್ತಿಗೆ, ಇಲ್ಲವೇ ಅದಾಗಿ ಸ್ವಲ್ಪ ದಿನಕ್ಕೆ ಚಿಗುರು ಬರುತ್ತದೆ. ಎಲೆ ಬಿದ್ದ ತಿಂಗಳು ಯಾವುದು ಅಂತ ಮೊದಲು ಕೇಳಿಕೊಳ್ಳಿ. ಫೆಬ್ರವರಿ, ಮಾರ್ಚ್ ಆಗಿದ್ದರೆ ಸುಮ್ನೆ ಬಿಡಿ. ಜುಲೈ, ಆಗಸ್ಟಲ್ಲಿ ಬೀಳುತ್ತಿದ್ದರೆ ಏನೋ ಆಗಿದೆ.

ನಿಮ್ಮ ಮರ ಹೊಳೆಮತ್ತಿಯೇ ಹೌದಾ ಅಂತಲೂ ಒಮ್ಮೆ ನೋಡಿಕೊಳ್ಳಿ. ನರ್ಸರಿಯಲ್ಲಿ 'ಮತ್ತಿ' ಅಂತ ಕೇಳಿದರೆ ಕೆಲವು ಸಲ ಕರಿಮತ್ತಿ ಕೊಟ್ಟುಬಿಡುತ್ತಾರೆ. ಅದು ನಾಗರಹೊಳೆ ಕಡೆಯ ಒಣಕಾಡಿನ ಮರ. ಅದರ ತೊಗಟೆ ಕಪ್ಪಗೆ, ಚೌಕ ಚೌಕವಾಗಿ, ಮೊಸಳೆ ಮೈ ಹಾಗೆ ಬಿರುಕು ಬಿಡುತ್ತದೆ. "ನಮ್ಮ ಮರಕ್ಕೆ ಕಜ್ಜಿ ಬಂದಿದೆ" ಅಂತ ವಿಜಯನಗರದಿಂದ ಒಬ್ಬರು ಕರೆದಿದ್ದರು. ಹೋಗಿ ನೋಡಿದರೆ ಒಳ್ಳೇ ಆರೋಗ್ಯದ ಕರಿಮತ್ತಿ.

ಚೆನ್ನಾಗಿರುವ ಮರ ಹೇಗಿರುತ್ತದೆ?

ಇದು ಕಣ್ಣಿಗೆ ಕೂತಿದ್ದರೆ ಅರ್ಧ ದೋಷ ತಾನಾಗಿ ಗೊತ್ತಾಗುತ್ತದೆ. ಅದಕ್ಕೆ ರಂಗನತಿಟ್ಟಿಗಿಂತ ಒಳ್ಳೇ ಜಾಗ ಇಲ್ಲ. 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಎಲ್ಲರೂ ಹಕ್ಕಿ ನೋಡಲು ಹೋಗುತ್ತಾರೆ. ಹಕ್ಕಿ ಕೂತ ಮರವನ್ನೂ ನೋಡಿ, ಅಲ್ಲಿನ ನಡುಗಡ್ಡೆಗಳಲ್ಲಿ ಹೊಳೆಮತ್ತಿಯದೇ ದರ್ಬಾರು. ಅದಕ್ಕಿಂತ ಮುಖ್ಯವಾಗಿ ದಂಡೆಯ ಮರಗಳ ಬುಡ ನೋಡಿ. ಕಾಂಡ ನೆಲಕ್ಕೆ ಇಳಿಯುವಾಗ ಕಂಬದ ಹಾಗೆ ನೆಟ್ಟಗೆ ಇಳಿಯುವುದಿಲ್ಲ. ಆನೆ ಕಾಲಿನ ಹಾಗೆ ಅಗಲವಾಗಿ, ಮಡಿಕೆ ಮಡಿಕೆಯಾಗಿ ಹರಡಿ, ಬೇರುಗಳು ಮಣ್ಣಿನ ಮೇಲೇ ಶುರುವಾಗುವುದು ಕಾಣುತ್ತದೆ.

ಈಗ ಮನೆಗೆ ಬಂದು ನಿಮ್ಮ ಮರದ ಬುಡ ನೋಡಿ. ವಿದ್ಯುತ್ ಕಂಬ ಹೂತ ಹಾಗೆ ನೆಟ್ಟಗೆ ಮಣ್ಣಿಗೆ ಇಳಿದಿದೆಯಾ? ಹಾಗಿದ್ದರೆ ಮುಕ್ಕಾಲು ಪಾಲು ದೋಷ ಅಲ್ಲೇ ಇದೆ. ಬುಡದ ಮೇಲೆ ಇರಬಾರದ ಮಣ್ಣು ಕೂತಿದೆ.

ನಮ್ಮಕ್ಕನ ಮನೆಯ ಮರ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಮೇಲೆ ನಾನು ನೋಡಿದ ಎಷ್ಟೋ ಕೇಸುಗಳು ಇದರದೇ ನಕಲು.

2017ರ ಜುಲೈನಲ್ಲಿ ಅಕ್ಕನ ಮನೆ ಮುಂದೆ ನಾಲ್ಕಡಿ ಸಸಿ ನೆಟ್ಟೆವು. ಮೂರು ವರ್ಷ ಚೆನ್ನಾಗಿ ಬಂತು, ಮೊದಲ ಮಹಡಿ ಕಿಟಕಿ ಮುಟ್ಟಿತು. 2020ರ ಕೊನೆಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದರು. ಕೆಲಸದವರು ಲೆವೆಲ್ ಸರಿ ಮಾಡಲು ಮಣ್ಣು, ಜಲ್ಲಿಪುಡಿ ತುಂಬಿ, ಕಾಂಡಕ್ಕೆ ಅಂಟಿಕೊಂಡ ಹಾಗೆ ಇಟ್ಟಿಗೆ ಕೂರಿಸಿ ಹೋದರು. ನೋಡಲು ಚೆಂದವೇ ಇತ್ತು. ಮಾರನೇ ಮಳೆಗಾಲದಲ್ಲಿ ತುದಿ ಕೊಂಬೆ ಒಣಗಿತು. ಎಲೆ ಸಣ್ಣದಾಯಿತು. 2022ರಲ್ಲಿ ಇನ್ನೆರಡು ಕೊಂಬೆ ಹೋದವು. ಅಂಗಡಿಯಿಂದ ಎರಡು ಬಾಟಲಿ ತಂದು ಹೊಡೆದದ್ದಾಯಿತು, ಗೊಬ್ಬರ ಹಾಕಿದ್ದಾಯಿತು. ಗೊಬ್ಬರ ಹಾಕಿದ ಮೇಲೆ ಇನ್ನೂ ಬೇಗ ಎಲೆ ಉದುರಿತು. ಅಕ್ಕ ದಿನಾ ಫೋನ್ ಮಾಡೋಳು. "ಕಡಿಸೋಕೆ ಮನಸ್ಸು ಬರಲ್ಲ ಕಣೋ, ಒಂದ್ಸಲ ಬಂದು ನೋಡು."

ಒಂದು ಭಾನುವಾರ ಹೋಗಿ ಎರಡು ಸಾಲು ಇಂಟರ್‌ಲಾಕ್ ಎಬ್ಬಿಸಿದೆ. ಸಣ್ಣ ಕರಣೆ ಹಿಡಿದು ಕಾಂಡದ ಪಕ್ಕ ಕೆರೆಯುತ್ತಾ ಹೋದೆ. ಒಂದು ಗೇಣು ಇಳಿದರೂ ಬುಡ ಅಗಲವಾಗಲೇ ಇಲ್ಲ. ಹುಳಿ ವಾಸನೆ ಬಂತು, ಚರಂಡಿ ಮಣ್ಣಿನ ಹಾಗೆ. ಮಣ್ಣಲ್ಲಿ ಹೂತಿದ್ದ ಕಡೆ ತೊಗಟೆ ನೆನೆದ ರಟ್ಟಿನ ಹಾಗೆ ಬೆರಳಿಗೇ ಬಂತು. ಇನ್ನೂ ನಾಲ್ಕು ಬೆರಳು ಕೆಳಗೆ ಅಸಲು ಬೇರು ಸಿಕ್ಕಿತು. ಅಲ್ಲೊಂದು ಹೆಬ್ಬೆರಳು ಗಾತ್ರದ ಬೇರು ಹೊರಗೆ ಹೋಗುವ ಬದಲು ಕಾಂಡವನ್ನೇ ಮುಕ್ಕಾಲು ಸುತ್ತು ಸುತ್ತಿಕೊಂಡು, ಬಿಗಿಯಾಗಿ ಅದರೊಳಗೆ ಇಳಿದಿತ್ತು. ಅದರ ಸುರುಳಿ ಕವರಿನ ಅಳತೆಯದೇ. ನರ್ಸರಿ ಕವರಲ್ಲಿ ಸುತ್ತಿಕೊಂಡಿದ್ದ ಬೇರನ್ನು ಬಿಡಿಸದೆ ನೆಟ್ಟಿದ್ದೆವು. ಕವರಿನ ತಳದ ಪ್ಲಾಸ್ಟಿಕ್ಕೂ ಒಂದು ಚೂರು ಸಿಕ್ಕಿತು.

ಎರಡು ದೋಷ ಒಂದರ ಮೇಲೊಂದು. ಬೇರಿಗೆ ಗಾಳಿ ಬೇಕು. ಮೇಲೆ ಒಂದು ಗೇಣು ಮಣ್ಣು, ಅದರ ಮೇಲೆ ಇಂಟರ್‌ಲಾಕ್ ಬಿದ್ದರೆ ಗಾಳಿ ಇಳಿಯುವುದಿಲ್ಲ, ಉಸಿರಾಡುವ ಸಣ್ಣ ಬೇರು ಸಾಯುತ್ತವೆ. ಸುತ್ತಿಕೊಂಡ ಬೇರು ಕಾಂಡ ದಪ್ಪವಾದ ಹಾಗೆಲ್ಲ ಅದರ ಕತ್ತು ಹಿಸುಕುತ್ತದೆ. ನೀರು, ಆಹಾರ ಎರಡರ ದಾರಿಯೂ ಕಟ್ಟಿಕೊಳ್ಳುತ್ತದೆ. ಸತ್ತ ಬೇರಿಗೆ ಗೊಬ್ಬರ ಹಾಕಿದರೆ ಅದು ಉಪ್ಪು ಹಾಕಿದ ಹಾಗೆ.

ಉಳಿ, ಸುತ್ತಿಗೆ ತಂದು ಸುತ್ತಿದ ಬೇರನ್ನು ಎರಡು ಕಡೆ ಕತ್ತರಿಸಿದೆ. ಕಾಂಡಕ್ಕೆ ಗಾಯವಾಗದಷ್ಟು ಭಾಗ ಮಾತ್ರ ತೆಗೆದೆ, ಒಳಗೆ ಇಳಿದು ಹೋಗಿದ್ದನ್ನು ಕೀಳಲು ಹೋಗಲಿಲ್ಲ. ಸುತ್ತ ನಾಲ್ಕಡಿ ಇಂಟರ್‌ಲಾಕ್ ತೆಗೆಸಿ, ಮಣ್ಣನ್ನು ಹಳೆ ಮಟ್ಟಕ್ಕೆ ಇಳಿಸಿ, ಒಣ ಎಲೆ ಹರಡಿದೆವು. ಎಲೆ ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಜಾಗ ಬಿಟ್ಟೆವು. ಗೊಬ್ಬರ ಒಂದು ಹಿಡಿಯೂ ಹಾಕಲಿಲ್ಲ. ಆ ವರ್ಷ ಏನೂ ಆಗಲಿಲ್ಲ. ಮರ ಅಲ್ಲೇ ನಿಂತಿತ್ತು. ಮರುವರ್ಷದ ಚಿಗುರಲ್ಲಿ ಎಲೆ ಮತ್ತೆ ಅಂಗೈ ಉದ್ದ ಬಂದವು.

ನೀವು ಮಾಡಬೇಕಾದ ಪರೀಕ್ಷೆ ಇಷ್ಟೇ. ಕಾಂಡವನ್ನು ಎದೆ ಎತ್ತರದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಣ್ಣು ಬುಡದ ಮೇಲಿರಲಿ. ಕಾಂಡ ಬಾಗಿ ಬುಡ ಗಟ್ಟಿ ನಿಂತರೆ ಸರಿ. ಬುಡವೇ ಸಡಿಲ ಗೂಟದ ಹಾಗೆ ಆಡಿ ಸುತ್ತ ಮಣ್ಣು ಬಿರುಕು ಬಿಟ್ಟರೆ ಬೇರು ಸುತ್ತಿಕೊಂಡಿದೆ ಅಥವಾ ಕೊಳೆತಿದೆ. ಕೈಯಲ್ಲಿ ಕೆರೆದು ನೋಡಲೇಬೇಕು. ಹಾರೆ ಹಾಕಬೇಡಿ, ಉಳಿದ ಬೇರೂ ಹೋಗುತ್ತದೆ.

ನೀರು ಜಾಸ್ತಿಯಾಯಿತಾ, ಕಡಿಮೆಯಾಯಿತಾ?

ಎರಡಕ್ಕೂ ಎಲೆ ಜೋಲುತ್ತದೆ. ಅದಕ್ಕೇ ಜನ ತಪ್ಪುತ್ತಾರೆ. ಎಲೆ ನೋಡಿ ಹೇಳಲು ಹೋಗಬೇಡಿ. ಒಂದು ಕಬ್ಬಿಣದ ಕಡ್ಡಿಯನ್ನು ಕಾಂಡದಿಂದ ಎರಡಡಿ ದೂರದಲ್ಲಿ ಇಳಿಸಿ. ಮೈಸೂರಿನ ಕೆಂಪು ಮಣ್ಣಲ್ಲಿ ನೀರು ತಲುಪಿದ ಕಡೆವರೆಗೆ ಕಡ್ಡಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕ ಕೂಡಲೇ ನಿಲ್ಲುತ್ತದೆ. ನಾಲ್ಕು ಬೆರಳಿಗೇ ನಿಂತರೆ ನೀವು ದಿನಾ ಹಾಕುವ ಒಂದು ಚೊಂಬು ನೀರು ಮೇಲೇ ಆರಿಹೋಗುತ್ತಿದೆ ಅಂತ ಅರ್ಥ. ಒಂದಡಿ ಇಳಿದರೆ ಸಾಕಷ್ಟಿದೆ. ಕಡ್ಡಿಯ ತುದಿ ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ನೀರು ನಿಂತಿದೆ.

"ಹೊಳೆ ದಂಡೆ ಮರ ತಾನೇ, ನೀರು ನಿಂತರೇನು?" ಅಂತ ಕೇಳುತ್ತಾರೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ದಂಡೆಯ ಮತ್ತಿಗಳ ಕಾಲು ನೀರಲ್ಲೇ ಇರುತ್ತದೆ, ಏನೂ ಆಗುವುದಿಲ್ಲ. ನಿಜ. ಅವು ಅಲ್ಲೇ ಹುಟ್ಟಿ ಬೇರು ಬಿಟ್ಟ ಮರಗಳು, ಆ ನೀರೂ ಹರಿಯುವ ನೀರು. ನಿಮ್ಮ ಗುಂಡಿಯ ಕಥೆ ಬೇರೆ. ಮಂಡ್ಯದ ನಾಲೆ ಬಯಲಿನ ಎರೆ ಮಣ್ಣಲ್ಲಿ ಎರಡಡಿ ಗುಂಡಿ ತೋಡಿ, ಅದಕ್ಕೆ ಮಾತ್ರ ಸಡಿಲ ಕೆಂಪು ಮಣ್ಣು ತುಂಬಿದರೆ ಅದು ತೊಟ್ಟಿಯಾಗುತ್ತದೆ. ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಎಳೆ ಸಸಿ ಅದರಲ್ಲಿ ತಡೆಯುವುದಿಲ್ಲ. ನೆಡುವ ಮೊದಲೇ ಗುಂಡಿಗೆ ಎರಡು ಕೊಡ ನೀರು ಸುರಿದು ರಾತ್ರಿ ಬಿಡಿ. ಬೆಳಗ್ಗೆ ನೀರು ಇನ್ನೂ ಇದ್ದರೆ ಅಲ್ಲಿ ಗುಂಡಿ ಬೇಡ. ಅದೇ ಮಣ್ಣನ್ನು ಒಂದಡಿ ದಿಬ್ಬ ಮಾಡಿ ಮೇಲೆ ನೆಡಿ.

ಕಡಿಮೆಯಾಗಿದ್ದರೆ ಪರಿಹಾರ ಸುಲಭ. ನಮ್ಮಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ, ಅದೂ ಬೇಸಿಗೆಗೆ ಮುಂಚೆ ಮೂರ್ನಾಲ್ಕು ತಿಂಗಳು ಹನಿ ಇಲ್ಲ. ಮೊದಲ ಮೂರು ಬೇಸಿಗೆ ನೀರು ಕೊಡಲೇಬೇಕು. ದಿನಾ ಒಂದು ಚೊಂಬು ಬೇಡ, ವಾರಕ್ಕೊಮ್ಮೆ ಎರಡು ಮೂರು ಕೊಡ ಕೊಡಿ. ಕಾಂಡದ ಬುಡಕ್ಕೆ ಸುರಿಯದೆ, ಎಲೆಯ ನೆರಳು ಮುಗಿಯುವ ಕಡೆ ಉಂಗುರದ ಹಾಗೆ ಪಾತಿ ಮಾಡಿ ಕೊಡಿ. ಮರ ದೊಡ್ಡದಾದ ಹಾಗೆ ಪಾತಿ ಹೊರಗೆ ಸರಿಯಬೇಕು. ಐದು ವರ್ಷದ ಮರಕ್ಕೂ ಮೊದಲ ವರ್ಷದ ಪಾತಿಯಲ್ಲೇ ನೀರು ಹಾಕುವವರನ್ನು ನೋಡಿದ್ದೇನೆ.

ಎಲೆ ಹಳದಿ

ಯಾವ ಎಲೆ ಮೊದಲು ಹಳದಿಯಾಯಿತು ಅನ್ನುವುದೇ ಇಲ್ಲಿ ಕೀಲಿ. ಕೊಂಬೆಯ ಹಿಂದಿನ ಹಳೆ ಎಲೆ ಇಡಿಯಾಗಿ ಹಳದಿಯಾಗಿ, ತುದಿ ಹಸಿರಾಗಿದ್ದರೆ ಸಾರಜನಕ ಸಾಲದು. ಮಳೆ ಶುರುವಾದಾಗ ಪಾತಿಗೆ ಎರಡು ಬಾಂಡ್ಲಿ ಹಳೆ ಕೊಟ್ಟಿಗೆ ಗೊಬ್ಬರ ಸಾಕು. ಇದು ದೊಡ್ಡ ತೊಂದರೆಯಲ್ಲ.

ತುದಿಯ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಬಲೆಯ ಹಾಗೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಹೊಸ ಬಡಾವಣೆಗಳಲ್ಲಿ ಇದು ಬಹಳ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಆದರೆ ಮನೆ ಕಟ್ಟಿದ ಸಿಮೆಂಟು, ಸುಣ್ಣ, ಗಾರೆ ಚೂರು ಎಲ್ಲಾ ಅಂಗಳದಲ್ಲೇ ಹೂತಿರುತ್ತವೆ. ಸುಣ್ಣದ ಮಣ್ಣಲ್ಲಿ ಕಬ್ಬಿಣವನ್ನು ಬೇರು ಹೀರಲಾರದು. ಒಂದು ಹೆಂಟೆಗೆ ವಿನೆಗರ್ ನಾಲ್ಕು ಹನಿ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ಗಾರೆ ಚೂರುಗಳನ್ನು ಕೈಲಾದಷ್ಟು ಹೆಕ್ಕಿ ತೆಗೆದು ಕಾಂಪೋಸ್ಟ್ ಸೇರಿಸುವುದೇ ನಿಜವಾದ ಪರಿಹಾರ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ ಸಂಜೆ ಹೊತ್ತು ಎಲೆಗೆ ಹೊಡೆದರೆ ಬೇಗ ಹಸಿರಾಗುತ್ತದೆ. ಅದು ಆ ಎಲೆಗಳ ಮಟ್ಟಿಗೆ ಮಾತ್ರ, ಮುಂದಿನ ಚಿಗುರು ಮತ್ತೆ ಹಳದಿಯೇ.

ಎಲೆಯ ಅಂಚು ಮಾತ್ರ ಸುಟ್ಟ ಹಾಗೆ ಕಂದಾಗಿದ್ದರೆ ಉಪ್ಪು. ಮನೆಯಲ್ಲಿ ಆರ್‌ಒ ಫಿಲ್ಟರ್ ಇದೆಯಾ, ಅದರ ವೇಸ್ಟ್ ನೀರಿನ ಪೈಪು ಮರದ ಬುಡಕ್ಕೆ ಬಿಟ್ಟಿದ್ದೀರಾ ಅಂತ ನಾನು ಮೊದಲು ಕೇಳುತ್ತೇನೆ. ನೀರು ಉಳಿಸುವ ಒಳ್ಳೇ ಮನಸ್ಸಿನಿಂದಲೇ ಬಿಟ್ಟಿರುತ್ತಾರೆ. ಆದರೆ ಬೋರ್‌ವೆಲ್ ನೀರಿನ ಉಪ್ಪೆಲ್ಲ ಒಟ್ಟಾಗಿ ಹೊರಬರುವುದು ಆ ಪೈಪಲ್ಲೇ. ಪೈಪು ತೆಗೆಯಿರಿ, ಒಂದು ಮಳೆಗಾಲ ಚೆನ್ನಾಗಿ ಸುರಿದರೆ ತೊಳೆದು ಹೋಗುತ್ತದೆ. ಮಂಡ್ಯದ ಕಡೆ ಚೌಳು ಜಮೀನಾಗಿದ್ದರೆ, ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪೊರೆ ಏಳುತ್ತಿದ್ದರೆ, ವಿ.ಸಿ. ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಜಿಪ್ಸಂ ಮಾತು. ಹೊಳೆಮತ್ತಿ ಚೌಳನ್ನು ಬೇರೆ ಎಷ್ಟೋ ಮರಗಳಿಗಿಂತ ಚೆನ್ನಾಗಿ ತಡೆಯುತ್ತದೆ ಅನ್ನುವುದು ಸಮಾಧಾನದ ವಿಷಯ.

ತುದಿ ಒಣಗಿದ ಕೊಂಬೆ

ಉಗುರಲ್ಲಿ ತೊಗಟೆ ಕೆರೆಯಿರಿ. ತುದಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಒಳಗೆ ಕಂದಾಗಿ ಒಣಗಿದ್ದರೆ ಸತ್ತಿದೆ, ಹಸಿರು ತೇವ ಕಂಡರೆ ಜೀವ ಇದೆ. ಹಸಿರು ಶುರುವಾದ ಜಾಗಕ್ಕಿಂತ ಸ್ವಲ್ಪ ಹಿಂದೆ, ಒಂದು ಕವಲಿನ ಹತ್ತಿರ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ರಂಧ್ರ ಕಂಡರೆ ಕೊರೆಯುವ ಹುಳ. ಏನೂ ಕಾಣದಿದ್ದರೆ ದೋಷ ಮತ್ತೆ ಬುಡದಲ್ಲೇ, ಮೇಲೆ ಹೇಳಿದ್ದನ್ನು ಮತ್ತೊಮ್ಮೆ ಮಾಡಿ.

ಕಾಂಡದ ಮೇಲೆ ಕಂದು ಪುಡಿಯ ಪಟ್ಟಿ

ಕವಲು ಒಡೆಯುವ ಕಡೆ ಹತ್ತಿರ ಹೋಗಿ ನೋಡಿ. ರೇಷ್ಮೆ ಎಳೆಯಲ್ಲಿ ಮರದ ಪುಡಿ, ಹುಳದ ಹಿಕ್ಕೆ ಎಲ್ಲಾ ಪೋಣಿಸಿದ ಹಾಗೆ ಒಂದು ಕಂದು ಪಟ್ಟಿ ಅಂಟಿದ್ದರೆ ಅದು ತೊಗಟೆ ತಿನ್ನುವ ಹುಳ. ಹಗಲು ಕವಲಿನ ತೂತಿನಲ್ಲಿ ಇರುತ್ತದೆ, ರಾತ್ರಿ ಆ ಪಟ್ಟಿಯ ಮರೆಯಲ್ಲಿ ಬಂದು ತೊಗಟೆ ಮೇಯುತ್ತದೆ. ಪಟ್ಟಿಯನ್ನು ಹಳೆ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ತೂತು ಕಾಣುತ್ತದೆ. ಸೈಕಲ್ ಚಕ್ರದ ಕಡ್ಡಿ ತೂರಿಸಿ ಹುಳವನ್ನು ಚುಚ್ಚಿ ತೆಗೆಯಿರಿ. ಸಿಗದಿದ್ದರೆ ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿ. ವಾರ ಬಿಟ್ಟು ನೋಡಿ. ಹೊಸ ಪುಡಿ ಬಂದಿದ್ದರೆ ಇನ್ನೊಂದು ತೂತಿದೆ. ಕೀಟ ನಿವಾರಣೆ ಅಂತ ಬಂದರೆ ನನಗೆ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ, ಇದಕ್ಕೂ ಸ್ಪ್ರೇಯರ್ ಬೇಕಿಲ್ಲ.

ಗೆದ್ದಲಿಗೆ ಹೆದರುವವರು ಜಾಸ್ತಿ. ಮಣ್ಣಿನ ಪದರ ಕೆರೆದು ನೋಡಿ. ಬಹಳ ಸಲ ಅದು ಎದ್ದ ಸತ್ತ ಚಕ್ಕೆಯನ್ನು ಮಾತ್ರ ತಿನ್ನುತ್ತಿರುತ್ತದೆ. ಒಳಗೆ ಹಸಿರು ಇದ್ದರೆ ಕೆರೆದು ಬಿಡಿ, ಸಾಕು. ಎಳೆ ಸಸಿಯಾದರೆ ಮಾತ್ರ ಹುಷಾರು, ಒಣಗಿ ನಿಂತ ಸಸಿಯನ್ನು ಬುಡದಲ್ಲೇ ಕತ್ತರಿಸುತ್ತದೆ.

ಎಲೆ ಮೇಲೆ ಮೊಡವೆಯ ಹಾಗೆ ಗಂಟುಗಳಿದ್ದರೆ ಒಂದು ಸಣ್ಣ ಕೀಟ ಒಳಗೆ ಮರಿ ಮಾಡಿದೆ. ಎಲೆಯ ಕೆಳಗೆ ಬೂದಿಯ ಹಾಗೆ ಬಿಳುಪಿದ್ದರೆ ಬೂದಿ ರೋಗ. ದೊಡ್ಡ ಮರಕ್ಕೆ ಎರಡರಿಂದಲೂ ಅಪಾಯ ಇಲ್ಲ, ಹೇಗೂ ಬೇಸಿಗೆಯಲ್ಲಿ ಆ ಎಲೆ ಬೀಳುತ್ತವೆ. ಗುಡಿಸಿ ದೂರ ಹಾಕಿ. ಸಸಿಯಾದರೆ ಗಂಟೆದ್ದ ಎಲೆ ಕಿತ್ತು ತೆಗೆಯಿರಿ.

ಚಕ್ಕೆ ಸುಲಿದುಕೊಂಡು ಹೋದರೆ

ಇದು ರೋಗವಲ್ಲ, ಮನುಷ್ಯರ ಕೆಲಸ. ಮತ್ತಿ ಚಕ್ಕೆಯ ಕಷಾಯ ಎದೆಗೆ ಒಳ್ಳೇದು ಅಂತ ಪಾರ್ಕಿನ ಮರಗಳನ್ನು ಮಚ್ಚಿನಲ್ಲಿ ಕೆತ್ತಿಕೊಂಡು ಹೋಗುತ್ತಾರೆ. ತಾನಾಗಿ ಬಿದ್ದ ಚಕ್ಕೆ ಆರಿಸಿಕೊಂಡರೆ ಮರಕ್ಕೆ ಏನೂ ಇಲ್ಲ. ಕೆತ್ತಿದಾಗ ಹೋಗುವುದು ಒಳತೊಗಟೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದೇ ಅದರಲ್ಲಿ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಮರವನ್ನು ಹೀಗೆ ಸುತ್ತಲೂ ಸುಲಿದಿದ್ದರು. ಎಲೆ ತಿಂಗಳುಗಟ್ಟಲೆ ಹಸಿರಾಗೇ ಇತ್ತು, ಎಲ್ಲರೂ "ಏನೂ ಆಗಿಲ್ಲ ಬಿಡಿ" ಅಂದರು. ನೀರು ಒಳಗಿನ ಕಟ್ಟಿಗೆಯಲ್ಲಿ ಏರುತ್ತಲೇ ಇರುತ್ತದಲ್ಲ, ಅದಕ್ಕೆ ಎಲೆಗೆ ಗೊತ್ತಾಗುವುದಿಲ್ಲ. ಕೆಳಗೆ ಬೇರು ಉಪವಾಸ ಬಿದ್ದಿತ್ತು. ಮರುವರ್ಷ ಚಿಗುರಲೇ ಇಲ್ಲ.

ಗಾಯ ಕಂಡ ದಿನವೇ ಟೇಪು ಹಿಡಿದು ಅಳೆಯಿರಿ. ಸುತ್ತಳತೆಯ ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ಮರ ತಾನೇ ಮುಚ್ಚಿಕೊಳ್ಳುತ್ತದೆ. ಹರಿತ ಚಾಕುವಿನಲ್ಲಿ ಜೋಲುವ ಅಂಚು ಮಾತ್ರ ಸವರಿ. ಸಿಮೆಂಟು, ಟಾರು, ಪೇಂಟು ಏನೂ ಮೆತ್ತಬೇಡಿ. ಮುಂದಿನ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಆ ಬದಿಯ ಕೊಂಬೆಗಳು ಸೊರಗಬಹುದು, ಒಣಗಿದ್ದನ್ನು ಮಾತ್ರ ತೆಗೆಯಿರಿ, ಹಸಿರನ್ನು ಮುಟ್ಟಬೇಡಿ. ಸೀರಿಯಲ್ ಲೈಟಿನ ತಂತಿ, ಟ್ರೀ ಗಾರ್ಡಿನ ಕಬ್ಬಿಣ ಕಾಂಡಕ್ಕೆ ಒತ್ತುತ್ತಿದ್ದರೂ ಇದೇ ಗಾಯ ನಿಧಾನವಾಗಿ ಆಗುತ್ತದೆ. ಇವತ್ತೇ ಬಿಚ್ಚಿ.

ಪೂರ್ತಿ ಸುತ್ತ ಸುಲಿದಿದ್ದರೆ ಮರ ನಿಲ್ಲುವುದು ಬಹಳ ಕಷ್ಟ. ಪಾರ್ಕಿನದೋ ರಸ್ತೆ ಬದಿಯದೋ ಆಗಿದ್ದರೆ ನೀವೇ ಕಡಿಯುವ ಹಾಗಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿ ಕೊಡುವ ಮೊದಲು, ಮರದ ಕೆಳಗೆ ಬಿದ್ದ ಐದು ರೆಕ್ಕೆಯ ಕಾಯಿಗಳನ್ನು ಒಂದು ಚೀಲ ಆರಿಸಿಟ್ಟುಕೊಳ್ಳಿ. ಜೂನ್ ಮಳೆಗೆ ಪಕ್ಕದಲ್ಲೇ ಹೊಸ ಸಸಿ ನೆಡಿ. ಈ ಸಲ ಕವರಿನ ಬೇರು ಬಿಡಿಸಿ, ಬುಡ ಮಣ್ಣಿನ ಮೇಲೆ ಕಾಣುವ ಹಾಗೆ ನೆಡಿ.